ಬೀಳುವ ಆಟ

ನಗು ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರ ತಪ್ಪೇನೂ ಇಲ್ಲ, ಪಾಪ. ನಮ್ಮ ಮನೆಯ ಗೋಡೆಯ ಮೇಲೂ ಆ ಮಾತು ಕೆತ್ತಿದ ಫಲಕವೊಂದಿತ್ತು, ಯಾವುದೋ ಸಂಘದವರು ಕಾರ್ಯಕ್ರಮ ಮುಗಿದ ಮೇಲೆ ಕೊಟ್ಟದ್ದು. ಮೊನ್ನೆ ಅದನ್ನು ನಾನೇ ಇಳಿಸಿ ಹಳೆಯ ಬಟ್ಟೆಗಳ ಕೆಳಗೆ ತುರುಕಿದೆ.

ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಊರೂರು ಸುತ್ತಿ ಜನರನ್ನು ನಗಿಸುವ ಜೋಡಿ. ಭಾವ ಉದ್ದಕ್ಕೆ, ತೆಳ್ಳಗೆ. ಆಕಾಶ ಕಳಚಿ ಬಿದ್ದರೂ ಮುಖದ ಒಂದು ಗೆರೆ ಅಲ್ಲಾಡುವುದಿಲ್ಲ. ಅವರ ಹೆಸರು ಕಂಬ. ಇವರು ಗುಂಡಗೆ, ನಿಂತಲ್ಲಿ ನಿಲ್ಲುವವರಲ್ಲ. ಇವರ ಹೆಸರು ಚೆಂಡು. ಸ್ಟೇಜಿನ ಹೆಸರು ಮನೆಗೂ ಅಂಟಿಕೊಂಡಿತು, ನನ್ನನ್ನು ಬೀದಿಯವರೆಲ್ಲ ಚೆಂಡಿನ ಹೆಂಡತಿ ಎಂದೇ ಕರೆಯುತ್ತಾರೆ. ನಾನು ಇವರಿಬ್ಬರ ವೇಷದ ಬಟ್ಟೆ ಹೊಲಿಯುತ್ತೇನೆ. ಆಟದ ಹೊತ್ತಿಗೆ ಪರದೆಯ ಬದಿಯಲ್ಲಿ ನೀರು, ಟೋಪಿ, ಅಂಟಿಸುವ ಮೀಸೆ ಹಿಡಿದುಕೊಂಡು ನಿಲ್ಲುತ್ತೇನೆ. ಬಿಡುವಿದ್ದಾಗ ಬೇರೆಯವರ ಮನೆಗಳ ಕಿಟಕಿ ಪರದೆಯನ್ನೂ ಹೊಲಿದುಕೊಡುತ್ತೇನೆ.

ಅಣ್ಣತಮ್ಮಂದಿರಿಗೆ ಈ ಕಸುಬು ಕಲಿಸಿದ್ದು ಅವರ ಅಪ್ಪ. ಅವರು ಹಾಕಿಕೊಟ್ಟದ್ದು ಒಂದೇ ನಿಯಮ. ಸ್ಟೇಜಿನ ಮೇಲೆ ಏನು ಕೆಟ್ಟರೂ ಕೆಟ್ಟಿತೆಂದು ತೋರಿಸಕೂಡದು, ಅದನ್ನೇ ಆಟಕ್ಕೆ ಸೇರಿಸಿಕೊಳ್ಳಬೇಕು. ಮೈಕು ಸತ್ತರೆ ಮೈಕನ್ನು ಅಂಗಾತ ಮಲಗಿಸಿ ಅತ್ತುಬಿಡಬೇಕು. ಪರದೆ ಕಳಚಿ ಬಿದ್ದರೆ ಹೊದ್ದುಕೊಂಡು ಮಲಗಬೇಕು. ಒಂದು ಸಲ ಮೇಜಿಗೆ ತಗುಲಿ ಭಾವನ ಹಲ್ಲು ಮುರಿದಾಗ ಇವರು ಆ ಹಲ್ಲನ್ನು ಅಲ್ಲೇ ಹರಾಜಿಗೆ ಹಾಕಿದ್ದರು. ಭಾವ ಬಾಯಲ್ಲಿ ರಕ್ತ ನುಂಗಿಕೊಂಡು ತಮ್ಮ ಹಲ್ಲಿಗೆ ತಾವೇ ಸವಾಲು ಕೂಗಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಿಯಮವೇ ಮುಂದೆ ನಮ್ಮೆಲ್ಲರ ಕಣ್ಣು ಕಟ್ಟಿತು.

ಕಳೆದ ಚಳಿಗಾಲದಲ್ಲಿ ಎಲ್ಲರಿಗೂ ಫ್ಲೂ ಬಂತು. ಭಾವನಿಗೆ ಬಂತು, ವ್ಯಾನಿನ ಡ್ರೈವರಿಗೆ ಬಂತು, ಇವರಿಗೆ ಎಲ್ಲರಿಗಿಂತ ಜೋರಾಗಿ ಬಂತು. ನನಗೆ ಆಗ ದಿನ ತುಂಬುತ್ತಿತ್ತು. ನನ್ನನ್ನು ಬೇರೆ ಕೋಣೆಯಲ್ಲಿ ಇರಿಸಿ, ಇವರು ಬಾಗಿಲಾಚೆಯಿಂದ ನಡುಗುವ ದನಿಯಲ್ಲಿ ಹೊಟ್ಟೆಯೊಳಗಿನ ಮಗುವಿಗೆ ಜೋಕು ಹೇಳುತ್ತಿದ್ದರು. ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ಪುಟ್ಟಿ ಹುಟ್ಟಿದಳು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದುಕೊಂಡೆವು.

ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಇವರಿಗೆ ನಿದ್ದೆ ಹೆಚ್ಚಾಯಿತು. ತಟ್ಟೆಯ ಮುಂದೆ ಕುಳಿತು ತುತ್ತು ಬಾಯಿಗೆ ಹೋಗುವ ಮೊದಲೇ ತೂಕಡಿಸುತ್ತಿದ್ದರು. ವ್ಯಾನಿನಲ್ಲಿ ಮಾತಾಡುತ್ತ ಮಾತಾಡುತ್ತ ಅರ್ಧ ಮಾತಿಗೇ ಗೊರಕೆ. ಎಳೆ ಮಗುವಿನ ಅಪ್ಪ, ನಿದ್ದೆಗೆಟ್ಟಿದ್ದಾನೆ ಎಂದರು ಎಲ್ಲರೂ. ರಾತ್ರಿಯೆಲ್ಲ ಎದ್ದು ಮಗುವಿಗೆ ಹಾಲು ಕೊಡುವವಳು ನಾನು, ಕುಂಭಕರ್ಣನ ಪಟ್ಟ ಮಾತ್ರ ಇವರಿಗೆ ಎಂದು ನಾನೂ ರೇಗಿಸಿದೆ. ಇವರೂ ನಕ್ಕರು. ಆಗ ಕುತ್ತಿಗೆ ಒಂದು ಸಲ ಕುಸಿದು ಮೇಲೆದ್ದಿತ್ತು. ನಾನು ಅದನ್ನು ತೂಕಡಿಕೆ ಎಂದುಕೊಂಡೆ.

ಮೊದಲು ಬಿದ್ದದ್ದು ಕುರ್ಚಿ ಅಂಗಡಿಯ ಆಟದಲ್ಲಿ. ಭಾವ ಕುರ್ಚಿ ಮಾರುವವನು, ಇವರು ಕೊಳ್ಳಲು ಬಂದ ಗಿರಾಕಿ. ಕೂತು ನೋಡುತ್ತೇನೆ ಎಂದರೆ ಅಂಗಡಿಯವನು ಬಿಡುವುದಿಲ್ಲ. ಕೂತರೆ ಅದು ಹಳೇ ಕುರ್ಚಿಯಾಗುತ್ತದೆ, ನಾವು ಹಳೇದು ಮಾರುವುದಿಲ್ಲ ಎನ್ನುತ್ತಾನೆ. ಆ ದಿನ ಭಾವ ಆಟದಲ್ಲಿಲ್ಲದ ಒಂದು ಮಾತು ಸೇರಿಸಿದರು. ನಿನ್ನನ್ನು ನೋಡಿಯೇ ಈ ಕುರ್ಚಿಗೆ ಅರ್ಧ ವಯಸ್ಸಾಯಿತು ಎಂದರು, ಅದೇ ಕಲ್ಲು ಮುಖದಲ್ಲಿ. ಇವರಿಗೆ ನಿಜವಾಗಿ ನಗು ಬಂತು. ನಗು ಬಾಯಿಗೆ ಬರುವ ಮೊದಲೇ ಮುಖ ಜೋತುಬಿತ್ತು, ಮಂಡಿ ಮಡಿಚಿತು, ಹಗ್ಗ ಬಿಚ್ಚಿದ ಮೂಟೆಯಂತೆ ಇವರು ನೆಲಕ್ಕೆ ಇಳಿದರು. ಸಭಾಂಗಣ ಹಾರಿಹೋಗುವಂತೆ ಜನ ನಕ್ಕರು. ಭಾವ ಕಣ್ಣು ಮಿಟುಕಿಸಲಿಲ್ಲ. ಕುರ್ಚಿಯನ್ನು ಎಳೆದು, ಕೂತು, ತಮ್ಮನ ಬೆನ್ನ ಮೇಲೆ ಎರಡೂ ಕಾಲು ಇಟ್ಟು, ಈ ಕಾಲ್ಮಣೆ ಕುರ್ಚಿಯ ಜೊತೆ ಉಚಿತ ಎಂದರು. ಪರದೆಯ ಬದಿಯಲ್ಲಿ ನಾನು ಅಂಟು ಮೀಸೆಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಒಳಗೆ ಬಂದ ಮೇಲೆ ಇವರ ಮುಖ ಬಿಳಿಚಿತ್ತು. ನಾನು ಬೀಳಲಿಲ್ಲ, ಮಂಡಿ ತಾನಾಗಿ ಹೋಯಿತು ಎಂದರು. ಹೇಗಾದರೂ ಹೋಗಲಿ, ಅದನ್ನು ಆಟದಲ್ಲಿ ಇಟ್ಟುಕೊ ಎಂದರು ಭಾವ. ಇಟ್ಟುಕೊಂಡೆವು. ನೋಡನೋಡುತ್ತ ಜನ ಆ ಬೀಳುವಿಕೆಯನ್ನು ನೋಡಲೆಂದೇ ಬರತೊಡಗಿದರು. ಹಳೆಯ ಮಾತಿಗೆ ಇವರು ಬೀಳುತ್ತಿರಲಿಲ್ಲ. ಹೊಸದೊಂದು ಮಾತು ಬಂದು, ಇವರಿಗೇ ಗೊತ್ತಿಲ್ಲದಂತೆ ತಾಗಿದರೆ ಮಾತ್ರ ಬೀಳುತ್ತಿದ್ದರು. ತಮ್ಮನಿಗೆ ಹುಮ್ಮಸ್ಸು ಬರಲು ಹೊಸ ಮಾತು ಬೇಕು ಎಂದುಕೊಂಡ ಭಾವ ಪ್ರತಿ ಆಟಕ್ಕೂ ಒಂದು ಹೊಸ ಮಾತು ಕಟ್ಟಿಕೊಂಡು ಬಂದು, ಅದನ್ನು ಇವರಿಂದ ಮುಚ್ಚಿಟ್ಟು, ಸ್ಟೇಜಿನ ಮೇಲೆ ಬಿಡುತ್ತಿದ್ದರು. ನಾನು ಆಡುತ್ತಿಲ್ಲ, ನಿಜವಾಗಿ ಆಗುತ್ತಿದೆ ಎಂದು ಇವರು ಹೇಳದೆ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ಎಲ್ಲವನ್ನೂ ತಮಾಷೆಗೇ ಹೇಳಿದ ಮನುಷ್ಯ, ಕೇಳುವವರು ನಮ್ಮಂಥವರು. ಆ ಮಾತನ್ನೂ ಭಾವ ಆಟಕ್ಕೆ ಸೇರಿಸಿಬಿಟ್ಟರು.

ನನ್ನ ಕಣ್ಣು ತೆರೆದದ್ದು ಮನೆಯಲ್ಲಿ. ಇವರು ಪುಟ್ಟಿಯನ್ನು ಎತ್ತಿಕೊಂಡು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ನಿಂತಿದ್ದರು. ನಾನು ಏನೋ ಹೇಳಿದೆ, ಏನೆಂದು ಈಗ ನೆನಪಿಲ್ಲ, ಇವಳ ಮೂಗು ಭಾವನ ಮೂಗು ಎಂದೋ ಏನೋ. ಇವರ ಕೆಳತುಟಿ ಇಳಿಯಿತು. ತೋಳು ಸಡಿಲವಾಯಿತು. ಮಗು ಜಾರಿ ನೆಲದ ಮೇಲೆ ರಾಶಿ ಹಾಕಿದ್ದ ಪರದೆ ಬಟ್ಟೆಯ ಮೇಲೆ ಬಿತ್ತು. ಇವರು ಅದರ ಪಕ್ಕದಲ್ಲೇ, ಕೂದಲೆಳೆಯಷ್ಟು ದೂರದಲ್ಲಿ ಬಿದ್ದರು. ನಾನು ಮಗುವನ್ನು ಎದೆಗವಚಿಕೊಂಡು ಇವರನ್ನು ಬಾಯಿಗೆ ಬಂದಂತೆ ಬೈದೆ. ಮಗು ಇಟ್ಟುಕೊಂಡು ಆಟವೇ, ನಿನಗೆ ಮನುಷ್ಯತ್ವ ಇದೆಯೇ ಎಂದೆ. ಇವರು ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಕಣ್ಣು ಮಾತ್ರ ಬದುಕಿತ್ತು. ಸ್ವಲ್ಪ ಹೊತ್ತಿನ ಮೇಲೆ ನಾಲಿಗೆ ತಿರುಗಿತು.

"ನೀನು ಬೈದಿದ್ದೆಲ್ಲ ಕೇಳಿಸ್ತಿತ್ತು ಕಣೇ," ಎಂದರು. "ಅವಳಿಗೆ ಪೆಟ್ಟಾಯ್ತಾ ಇಲ್ವಾ ಅಂತ ನೋಡೋಕೆ ಕತ್ತು ತಿರುಗಿಸೋಣ ಅಂದ್ರೆ ಆಗ್ಲಿಲ್ಲ."

ಆಗ ನಂಬಿದೆ.

ಮೊದಲು ನೋಡಿದ ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ಕು ಬರೆದರು. ಎರಡನೆಯವರು ಮನಸ್ಸಿನ ಒತ್ತಡ ಎಂದರು. ಮೂರನೆಯವರು ನರರೋಗದ ಡಾಕ್ಟರು, ಕೂದಲು ಮೋಟಾಗಿ ಕತ್ತರಿಸಿಕೊಂಡ ಹೆಂಗಸು. ಅವರು ಬಿದ್ದದ್ದರ ಬಗ್ಗೆ ಕಡಿಮೆ, ಬೀಳುವ ಮೊದಲು ಏನಾಯಿತು ಎನ್ನುವುದರ ಬಗ್ಗೆ ಹೆಚ್ಚು ಕೇಳಿದರು. ಆ ಮೊದಲು ಜ್ವರ ಬಂದಿತ್ತೇ ಎಂದೂ ಕೇಳಿದರು. ಆಸ್ಪತ್ರೆಯಲ್ಲಿ ಇವರ ತಲೆಗೆ ತಂತಿ ಅಂಟಿಸಿ ಮಲಗಿಸಿ ನೋಡಿದರು, ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಾವು ಮೂವರೂ ಅವರ ಮುಂದೆ ಕುಳಿತೆವು, ಪುಟ್ಟಿ ನನ್ನ ತೊಡೆಯ ಮೇಲೆ.

ಮೆದುಳಿನ ಆಳದಲ್ಲಿ ಜೀವಕೋಶಗಳ ಒಂದು ಸಣ್ಣ ಗುಂಪಿದೆ ಎಂದರು ಡಾಕ್ಟರು. ಮನುಷ್ಯನನ್ನು ಎಚ್ಚರವಾಗಿಡುವುದು, ನಕ್ಕಾಗ ಮೈ ಕೈಬಿಟ್ಟು ಹೋಗದಂತೆ ಹಿಡಿದುಕೊಳ್ಳುವುದು ಅವುಗಳ ಕೆಲಸ. ಇವರಲ್ಲಿ ಆ ಗುಂಪು ಹೆಚ್ಚುಕಡಿಮೆ ಅಳಿದುಹೋಗಿದೆ. ಅವು ಮಾಡುವ ವಸ್ತು ಬೆನ್ನಿನ ನೀರಿನಲ್ಲಿ ಸಿಗಲೇ ಇಲ್ಲ. ಕೊಂದವರು ಯಾರು ಎಂದರೆ, ಇವರ ಮೈಯದೇ ಕಾವಲು ಪಡೆ ಇರಬಹುದು. ಫ್ಲೂ ಬಂದಾಗ ಮೈ ಆ ವೈರಸ್ಸನ್ನು ಹೊಡೆಯಲು ಪಡೆ ಎಬ್ಬಿಸಿತು. ವೈರಸ್ಸಿನ ಮೈಯ ಒಂದು ತುಣುಕಿಗೂ ಈ ಕೋಶಗಳ ಒಂದು ತುಣುಕಿಗೂ ಹೋಲಿಕೆ ಇದ್ದಿರಬೇಕು. ಜ್ವರ ಹೋದ ಮೇಲೂ ಪಡೆ ಸುಮ್ಮನಾಗದೆ, ಗುರುತು ತಪ್ಪಿ ಇತ್ತ ತಿರುಗಿತು. ಹೀಗೇ ಆಯಿತೆಂದು ಎದೆ ತಟ್ಟಿ ಹೇಳಲಾರೆ ಎಂದರು. ಆದರೆ ಫ್ಲೂ ಜೋರಾಗಿ ಹರಡಿದ ಮೇಲಿನ ತಿಂಗಳುಗಳಲ್ಲಿ ಇಂಥ ರೋಗಿಗಳು ಹೆಚ್ಚು ಬರುವುದನ್ನು ಕಂಡಿದ್ದೇವೆ ಎಂದರು.

ಭಾವನಿಗೆ ಒಂದೇ ಪ್ರಶ್ನೆ. ಅದೇ ಜ್ವರ ನನಗೂ ಬಂದಿತ್ತಲ್ಲ, ಒಂದೇ ತಾಯಿಯ ಮಕ್ಕಳಲ್ಲವೇ, ಇವನಿಗೇ ಏಕೆ? ಕೆಲವರಿಗೆ ಹುಟ್ಟಿನಿಂದಲೇ ಇದಕ್ಕೆ ಎಡೆ ಕೊಡುವ ಗುಣವೊಂದು ಇರುತ್ತದೆ ಎಂದರು ಡಾಕ್ಟರು. ಅದು ನಿಮಗೂ ಇದ್ದೀತು. ಇದ್ದವರಲ್ಲೂ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಏಕೆಂದು ನಮಗೆ ಗೊತ್ತಿಲ್ಲ.

ಇಂಥ ಮಾತು ಕೇಳಿ ಸುಮ್ಮನೆ ಕೂರುವುದು ಇವರ ಜನ್ಮದಲ್ಲೇ ಇಲ್ಲ.

"ಹಾಗಾದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ಡಾಕ್ಟ್ರೇ," ಎಂದರು. "ಅದೂ ಎತ್ತಿನ ಜ್ವರ ಬಿಟ್ಟ ಮೇಲೆ."

ತಮ್ಮ ಮಾತು ತಮಗೇ ಇಷ್ಟವಾಯಿತು. ಗಲ್ಲ ಎದೆಗೆ ಇಳಿಯಿತು, ಕುರ್ಚಿಯಲ್ಲಿ ಪಕ್ಕಕ್ಕೆ ವಾಲಿದರು. ಭಾವ ಹಿಡಿದುಕೊಂಡರು. ಡಾಕ್ಟರು ಮೇಜು ಸುತ್ತಿ ಓಡಿಬಂದು, ಸಣ್ಣ ಸುತ್ತಿಗೆಯಿಂದ ಇವರ ಮಂಡಿಗೆ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಮ್ಮೆ ತಟ್ಟಿದರು, ಆಗಲೂ ಇಲ್ಲ. ಇವರು ಚೇತರಿಸಿಕೊಂಡು ತಲೆ ಎತ್ತಿದ ಮೇಲೆ ತಟ್ಟಿದಾಗ ಕಾಲು ಚಿಮ್ಮಿತು. ಇದೇ, ಇನ್ನು ಅನುಮಾನವಿಲ್ಲ ಎಂದರು ಡಾಕ್ಟರು. ಅವರ ಕಣ್ಣಿನಲ್ಲಿ ಹುಡುಕುತ್ತಿದ್ದದ್ದು ಸಿಕ್ಕವರ ಹೊಳಪಿತ್ತು. ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ. ಬದಲಿಗೆ, ಆ ಕೋಶಗಳು ಮತ್ತೆ ಬೆಳೆಯುತ್ತವೆಯೇ ಎಂದು ಕೇಳಿದೆ. ಇಲ್ಲ ಎಂದರು. ಔಷಧ ಇದೆ, ಅದರಿಂದ ನಿದ್ದೆ ತಗ್ಗುತ್ತದೆ, ಬೀಳುವುದೂ ಕಡಿಮೆಯಾಗುತ್ತದೆ, ಎಷ್ಟೆಂದು ನೋಡಿಯೇ ತಿಳಿಯಬೇಕು. ಎತ್ತರದ ಜಾಗ ಬೇಡ, ವಾಹನ ಓಡಿಸುವುದು ಬೇಡ, ನಿಂತುಕೊಂಡು ಮಗುವನ್ನು ಎತ್ತಿಕೊಳ್ಳುವುದು ಬೇಡ.

ಹೊರಗಿನ ಬೆಂಚಿನ ಮೇಲೆ ಭಾವ ಕೂತು ಅತ್ತರು. ಆ ಮುಖಕ್ಕೆ ಅಳುವುದು ಹೇಗೆಂದು ಗೊತ್ತಿರಲಿಲ್ಲ; ಮುಖ ಕಂಬವಾಗಿಯೇ ಇತ್ತು, ನೀರು ಮಾತ್ರ ಹರಿಯುತ್ತಿತ್ತು. ಅದನ್ನು ನೋಡಿ ಇವರ ಮಂಡಿ ಮತ್ತೆ ನಡುಗತೊಡಗಿತು. ನಾನು ಇವರ ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದೆ.

ಔಷಧದಿಂದ ನಿದ್ದೆ ಸ್ವಲ್ಪ ತಗ್ಗಿತು. ಸಣ್ಣಪುಟ್ಟ ತಮಾಷೆಗೆ ಬೀಳುವುದು ನಿಂತಿತು. ನಿಜವಾದ ಸಂತೋಷಕ್ಕೆ ಮಾತ್ರ ಯಾವ ಮಾತ್ರೆಯೂ ತಡೆ ಹಾಕಲಿಲ್ಲ. ಆಟಗಳನ್ನೆಲ್ಲ ಬಿಟ್ಟೆವು. ಮನೆಯಲ್ಲಿ ನಗು ಬರುವಂಥದ್ದು ಏನಿದ್ದರೂ ಮೊದಲು ನನ್ನ ಕಣ್ಣಿಗೆ ಬೀಳಬೇಕಿತ್ತು. ಟಿ.ವಿ. ಮುಚ್ಚಿದೆ. ನಾನು ಬಾಯಿ ಮುಚ್ಚಿದೆ, ಅದೇನು ಸುಲಭವೇ. ನೋಡಲು ಬಂದವರಿಗೆ ಬಾಗಿಲಲ್ಲೇ ಹೇಳುತ್ತಿದ್ದೆ, ದಯವಿಟ್ಟು ಚೆನ್ನಾಗಿ ಮಾತಾಡಬೇಡಿ ಎಂದು. ಸಾವಿನ ಮನೆಗೂ ನಮ್ಮ ಮನೆಗೂ ವ್ಯತ್ಯಾಸ ಇರಲಿಲ್ಲ. ಸಾವಿನ ಮನೆಯಲ್ಲಾದರೂ ಕೆಲವು ದಿನ ಕಳೆದ ಮೇಲೆ ಯಾರಾದರೂ ನಗುತ್ತಾರೆ.

ಭಾವ ದಿನವೂ ಬರುತ್ತಿದ್ದರು. ಬಂದು ಬಿಸಿಲು, ಸೆಕೆ, ನಲ್ಲಿ ನೀರು ಎಂದು ಒಣ ಮಾತಾಡುತ್ತಿದ್ದರು. ಆದರೆ ಇವರಿಗೆ ಹುಟ್ಟಿದಂದಿನಿಂದ ಅತಿ ಹೆಚ್ಚು ನಗು ತರಿಸಿದ್ದೇ ಆ ಮುಖ. ಅದು ಗಂಭೀರವಾದಷ್ಟೂ ಇವರಿಗೆ ತಡೆಯಲಾಗುತ್ತಿರಲಿಲ್ಲ. ನಲ್ಲಿ ನೀರಿನ ಮಾತಿಗೇ ಒಂದು ದಿನ ಇವರು ಜಗುಲಿಯಿಂದ ಉರುಳಿ ಹುಬ್ಬು ಒಡೆದುಕೊಂಡರು. ರಕ್ತ ಒರೆಸುವಾಗ ಇವರು ಭಾವನ ಮುಖ ನೋಡದೆ, ನೆಲ ನೋಡುತ್ತ ಹೇಳಿದರು.

"ಅಣ್ಣ, ನೀನು ಬರಬೇಡ. ನಿನ್ನ ಮೇಲೆ ಕೋಪ ಬಂದ ದಿನ ಹೇಳಿ ಕಳಿಸ್ತೀನಿ, ಆಗ ಬಾ."

ಭಾವ ತಲೆಯಾಡಿಸಿ ಹೋದರು. ಈಗ ರಸ್ತೆಯ ತುದಿಗೆ ಬಂದು ನಿಂತು, ನನ್ನನ್ನು ಕಂಡು, ವಿಚಾರಿಸಿಕೊಂಡು ಹಿಂತಿರುಗುತ್ತಾರೆ. ನಾನು ಇದೆಲ್ಲವನ್ನೂ ತಡೆದುಕೊಂಡಿದ್ದೆ. ತಡೆಯಲಾಗದ್ದು ಆಮೇಲೆ ಬಂತು. ಪುಟ್ಟಿ ನಗಲು ಕಲಿತಳು.

ಅಲ್ಲಿಯವರೆಗೆ ಇದ್ದದ್ದು ಬರೀ ತುಟಿಯ ನಗು, ಈಗ ದನಿಯೆತ್ತಿ ಕೇಕೆ. ಅಪ್ಪನ ಮಗಳು, ಎಲ್ಲಕ್ಕೂ ನಗು. ಚಮಚ ಬಿದ್ದರೆ ನಗು, ನಾನು ಸೀನಿದರೆ ನಗು. ನಾನು ಅವಳನ್ನು ಹಿಂದಿನ ಕೋಣೆಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡು ನಗಿಸುತ್ತಿದ್ದೆ, ಕದ್ದು ತಿಂಡಿ ತಿನ್ನಿಸುವವಳಂತೆ. ಆ ಕೇಕೆ ಬಾಗಿಲಿಗೆ ನಿಲ್ಲುತ್ತದೆಯೇ? ಆಚೆ ಕಡೆ ಏನೋ ಬಿದ್ದ ಸದ್ದು. ಓಡಿಹೋಗಿ ನೋಡಿದರೆ ಇವರು ಗೋಡೆಗೆ ಒರಗಿ ಕುಸಿದಿರುತ್ತಿದ್ದರು. ಆಮೇಲಾಮೇಲೆ ಇವರೇ ಅವಳ ಕಡೆ ಬೆನ್ನು ಹಾಕಿ ಕೂರಲು ಕಲಿತರು. ಅವಳು ಆ ಬೆನ್ನಿಗೂ ಕೈಬಡಿದು ಕರೆಯುತ್ತಿದ್ದಳು. ಒಂದು ದಿನ ಹಾಗೆ ಬೆನ್ನು ಹಾಕಿ ಕೂತಿದ್ದಾಗಲೇ ಇವರು ಸಣ್ಣ ದನಿಯಲ್ಲಿ ಹೇಳಿದರು.

"ಇವಳ ಮೇಲೆ ನನಗೆ ಪ್ರೀತಿ ಕಮ್ಮಿ ಆಗ್ಲಿ ಅಂತ ಕೇಳ್ಕೋತಾ ಇದೀನಿ ಕಣೇ. ಸ್ವಲ್ಪ ಕಮ್ಮಿ ಆದ್ರೂ ಸಾಕು, ಎತ್ಕೋಬಹುದು."

ಹೊಲಿಯುತ್ತಿದ್ದ ಬಟ್ಟೆ ಕಣ್ಣಿಗೆ ಮಸುಕಾಯಿತು. ಆ ಹೊತ್ತು ನನಗೆ ಸತ್ತುಹೋಗಬೇಕೆನ್ನಿಸಿತು, ನಿಜ ಹೇಳುತ್ತೇನೆ.

ನಿನ್ನೆ ಮಧ್ಯಾಹ್ನ ಎದುರು ಮನೆಗೆ ಪರದೆ ಕೊಡಲು ಹೋಗಿದ್ದೆ. ಪುಟ್ಟಿ ನಿದ್ದೆ ಮಾಡುತ್ತಿದ್ದಳು, ಇವರೂ ಮಲಗಿದ್ದರು. ಆ ಮನೆಯವಳು ಪರದೆಯನ್ನು ಕೂಡಲೇ ತೂಗುಹಾಕಿ ನೋಡಬೇಕೆಂದಳು, ಒಂದು ಕಡೆ ಗಿಡ್ಡವಾಗಿದೆ ಎಂದಳು, ಅಳತೆ ಮಾಡಿ ತೋರಿಸಿ ಬರುವ ಹೊತ್ತಿಗೆ ತಡವಾಯಿತು. ನಮ್ಮ ಬಾಗಿಲಿಗೆ ಬರುವಾಗಲೇ ಪುಟ್ಟಿಯ ಕೇಕೆ ಕೇಳಿತು. ಬಿಟ್ಟುಬಿಟ್ಟು ಬರುವ, ಉಸಿರು ಸಿಕ್ಕದ ಕೇಕೆ.

ಇವರು ಹಾಸಿಗೆಯನ್ನು ನೆಲಕ್ಕೆ ಎಳೆದು, ಸುತ್ತಲೂ ದಿಂಬು ಒತ್ತಿ, ಅಂಗಾತ ಮಲಗಿ, ಆಮೇಲೆ ಮಗುವನ್ನು ಎದೆಯ ಮೇಲೆ ಕೂರಿಸಿಕೊಂಡಿದ್ದರು. ಮೊದಲೇ ಬಿದ್ದುಕೊಂಡರೆ ಇನ್ನು ಬೀಳುವುದೆಲ್ಲಿಗೆ ಎಂಬ ಲೆಕ್ಕ. ಈಗ ಪುಟ್ಟಿ ಎದೆಯಿಂದ ಜಾರಿ ಇವರ ಕುತ್ತಿಗೆಯ ಬಳಿ ಕೂತು, ಎರಡೂ ಕೈಯಲ್ಲಿ ಆ ಜೋತ ಕೆನ್ನೆಯನ್ನು ಬಡಿಯುತ್ತಿದ್ದಳು. ಇವರ ಬಾಯಿ ತೆರೆದಿತ್ತು, ಜೊಲ್ಲು ಕಿವಿಯ ಕಡೆ ಇಳಿದಿತ್ತು. ರೆಪ್ಪೆ ಒಮ್ಮೆ ಅದುರುತ್ತಿತ್ತು, ತುಟಿ ಸ್ವಲ್ಪ ಬಿಗಿಯಾಗುತ್ತಿತ್ತು, ಇನ್ನೇನು ಶಕ್ತಿ ಬಂತು ಎನ್ನುವಾಗ ಅವಳು ಅದನ್ನು ಕಂಡು ಕೇಕೆ ಹಾಕುತ್ತಿದ್ದಳು, ಮುಖ ಮತ್ತೆ ಕಳಚಿಕೊಳ್ಳುತ್ತಿತ್ತು. ಅವಳಿಗೆ ಅದು ಆಟ. ಅಪ್ಪ ಬೀಳುತ್ತಾನೆ, ಅವಳು ನಗುತ್ತಾಳೆ. ಅವಳು ನಗುತ್ತಾಳೆ, ಅಪ್ಪ ಬೀಳುತ್ತಾನೆ. ಎಷ್ಟು ಹೊತ್ತಿನಿಂದ ಹೀಗೆ ನಡೆದಿತ್ತೋ, ದಿಂಬು ಒದ್ದೆಯಾಗಿತ್ತು.

ನಾನು ಬಾಗಿಲಲ್ಲೇ ನಿಂತೆ. ಇವರ ಕಣ್ಣು ನನ್ನನ್ನು ಕಂಡವು. ಬರಬೇಡ ಎನ್ನುತ್ತಿದ್ದವು. ಇಷ್ಟು ವರ್ಷ ಈ ಮನುಷ್ಯನ ಜೊತೆ ಬಾಳಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ನಿಂತಿದ್ದೆ, ನಿಲ್ಲುವಷ್ಟು ಹೊತ್ತು ನಿಂತಿದ್ದೆ. ಆಮೇಲೆ ಪುಟ್ಟಿ ಮುಂದಕ್ಕೆ ಬಾಗಿ ತನ್ನ ಹೊಟ್ಟೆಯನ್ನು ಇವರ ಮೂಗು ಬಾಯಿಯ ಮೇಲೆ ಹಾಕಿ ಮಲಗಿದಳು. ಅವಳನ್ನು ಸರಿಸುವ ಕೈ ಇವರಿಗೆ ಇರಲಿಲ್ಲ. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡು, ಇವರ ಉಸಿರು ನೋಡಿ, ಕತ್ತನ್ನು ಪಕ್ಕಕ್ಕೆ ತಿರುಗಿಸಿ, ಹಿಂದಿನ ಕೋಣೆಗೆ ನಡೆದೆ.

ಆಟ ನಿಂತದ್ದಕ್ಕೆ ಪುಟ್ಟಿ ಅಳತೊಡಗಿದಳು. ಕೈ ಚಾಚಿ, ಬೆನ್ನು ಬಿಲ್ಲಾಗಿಸಿ, ಕಿರುಚಿ ಅತ್ತಳು. ಮಂಚದ ಅಂಚಿನಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದೆ. ಆಗ ಆಚೆ ಕೋಣೆಯಲ್ಲಿ ಹೆಜ್ಜೆ ಸದ್ದಾಯಿತು. ತಡವರಿಕೆಯಿಲ್ಲದ, ಗಟ್ಟಿ ಹೆಜ್ಜೆ. ಅವಳ ನಗು ಕಿತ್ತುಕೊಂಡ ಕಾಲನ್ನು ಅವಳ ಅಳು ಹಿಂದಕ್ಕೆ ಕೊಟ್ಟಿತ್ತು. ಇವರು ಬಾಗಿಲಲ್ಲಿ ಬಂದು ನಿಂತರು, ಮುಖದ ಮೇಲಿನ ಜೊಲ್ಲನ್ನೂ ಒರೆಸಿಕೊಂಡಿರಲಿಲ್ಲ.

"ಅಳ್ತಾ ಇದಾಳಲ್ಲ," ಎಂದರು. "ಈಗ ಕೊಡು."

ಡಾಕ್ಟರು ಬೇಡವೆಂದದ್ದು ನನಗೆ ಗೊತ್ತಿತ್ತು. ಕೊಟ್ಟೆ. ಇವರು ಅವಳನ್ನು ಹೆಗಲಿಗೆ ಹಾಕಿಕೊಂಡು, ನಿಂತುಕೊಂಡು, ನಡೆದರು. ಕಿಟಕಿಯಿಂದ ಮಂಚದವರೆಗೆ, ಮಂಚದಿಂದ ಕಿಟಕಿಯವರೆಗೆ. ಒಂದು ಮಾತೂ ಆಡಲಿಲ್ಲ, ಬೆನ್ನು ತಟ್ಟಲಿಲ್ಲ, ಸಮಾಧಾನ ಮಾಡಲಿಲ್ಲ. ಅವಳ ತಲೆಯ ವಾಸನೆಯನ್ನು ಮಾತ್ರ ಎಳೆದುಕೊಳ್ಳುತ್ತಿದ್ದರು. ನಾನು ಎರಡೂ ಕೈ ಚಾಚಿಕೊಂಡು ಹಿಂದೆ ಹಿಂದೆ ನಡೆದೆ. ಅವಳು ಇವರ ಹೆಗಲ ಮೇಲಿಂದ ನನ್ನ ಮುಖ ಕಂಡಳು. ಬಿಕ್ಕಳಿಕೆ ಸಣ್ಣದಾಯಿತು, ತುಟಿ ಅಗಲವಾಗತೊಡಗಿತು.

ನಾನು ಕೂಡಲೇ ತಲೆ ತಗ್ಗಿಸಿದೆ. ಇವರ ಬೆನ್ನಿಗೆ ಅಂಟಿ, ಅವಳಿಗೆ ನನ್ನ ಮುಖ ಕಾಣದಂತೆ ಬಾಗಿ, ಇವರ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡು ನಡೆದೆ. ಅಮ್ಮ ಎಲ್ಲಿ ಹೋದಳೆಂದು ಪುಟ್ಟಿ ಮತ್ತೆ ಜೋರಾಗಿ ಅತ್ತಳು. ಅಳು ಕಂದ, ಇನ್ನೂ ಸ್ವಲ್ಪ ಹೊತ್ತು ಅಳು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.